ನೀರು ಬಿದ್ದ ಬೀಜ

ಹೊಸ ರಾಗಿ ಬೆಳೆದು ತೋರಿಸಲು ಕೃಷಿ ಇಲಾಖೆಗೆ ಒಂದು ಹರಿಜನರ ಹೊಲ ಬೇಕಾಗಿತ್ತು. ಅದು ಜೀಪು ಹೋಗುವ ರಸ್ತೆಯ ಪಕ್ಕದಲ್ಲೇ ಇರಬೇಕು. ಸಾಹೇಬರ ಬೂಟಿಗೆ ಕೆಸರಾಗಬಾರದು. ಹೊಲದವರು ಎದುರು ಮಾತಾಡುವವರಾಗಿರಬಾರದು. ಮುತ್ತುಗದಕಟ್ಟೆಯಲ್ಲಿ ಮೊದಲ ಎರಡಕ್ಕೆ ಸರಿಹೊಂದುವ ಹೊಲ ಒಂದೇ ಇತ್ತು. ಅದು ಊರ ಚಾಕರಿಯ ತೋಟಿ ಬೈರಣ್ಣನ ಇನಾಮು ಹೊಲ. ಮೂರನೆಯದಕ್ಕೆ ಬೈರಣ್ಣನ ಮುಖ ನೋಡಿ ಸರಿ ಅಂದುಕೊಂಡರು. ಅವನ ಹೆಂಡತಿ ಮುನಿಲಕ್ಷ್ಮಮ್ಮನ ಮುಖವನ್ನು ಯಾರೂ ನೋಡಲಿಲ್ಲ.

ಸುಬ್ರಹ್ಮಣ್ಯಪುರ ದಾಟಿ ಕೆರೆ ಏರಿ ಇಳಿದರೆ ಮುತ್ತುಗದಕಟ್ಟೆ. ಬನಶಂಕರಿ ದೇವಸ್ಥಾನದವರೆಗೆ ಸಿಟಿ ಬಸ್ಸು, ಅಲ್ಲಿಂದ ಮುಂದೆ ಕಾಲೇ ಗತಿ. ಆ ಕಡೆ ಜಯನಗರ, ಜೆ.ಪಿ. ನಗರ ಅಂತ ಪಟ್ಟಣ ಬಡಾವಣೆ ಬಡಾವಣೆಯಾಗಿ ಬೆಳೆದುಕೊಂಡು ಬರುತ್ತಿತ್ತು. ಈ ಕಡೆ ಇನ್ನೂ ರಾಗಿ, ಅವರೆ, ಹುಚ್ಚೆಳ್ಳು. ಊರು ದಿಬ್ಬದ ಮೇಲೆ, ಕೇರಿ ತಗ್ಗಿನಲ್ಲಿ. ಊರಿನ ಬಚ್ಚಲ ನೀರು ಯಾರೂ ದಾರಿ ತೋರಿಸದೆ ತಾನೇ ಕೇರಿಗೆ ಬರುತ್ತಿತ್ತು. ಸರ್ಕಾರದ ಒಳ್ಳೆಯದು ಯಾವುದೂ ಆ ದಾರಿ ಹಿಡಿದು ಬಂದದ್ದಿಲ್ಲ.

ಎಪ್ಪತ್ತೆಂಟರ ಮುಂಗಾರಿಗೆ ಅಂಥದೊಂದು ಬಂತು. ತಂದವರು ಗ್ರಾಮಸೇವಕ ಏಕಾಂತಯ್ಯನವರು. ತಿಲಕ್ ನಗರದಲ್ಲಿ ಬಾಡಿಗೆ ಮನೆ, ಸವೆದ ಸೈಕಲ್ಲು, ಇಸ್ತ್ರಿ ಮಾಡಿದ ಬಿಳಿ ಷರಟು, ಹಣೆಯಲ್ಲಿ ವಿಭೂತಿ. ಕೆಟ್ಟ ಮನುಷ್ಯರಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಮುನಿಲಕ್ಷ್ಮಮ್ಮ ಅವರ ಮಾತನ್ನು ನಂಬುತ್ತಲೇ ಇರಲಿಲ್ಲ.

ಕೇರಿಯ ಬಾಯಿಯ ಹೊಂಗೆ ಮರದಡಿ ಸೈಕಲ್ಲು ನಿಲ್ಲಿಸಿ ಅವರು ಹೊಸ ರಾಗಿಯ ವಿಷಯ ಹೇಳಿದರು. ಬೀಜ ಚೆಲ್ಲುವುದನ್ನು ಬಿಡಬೇಕು. ಮೊದಲು ಒಟ್ಲು ಹಾಕಿ ಪೈರು ಬೆಳೆಸಬೇಕು. ಪೈರು ಬಲಿಯುವುದಕ್ಕೆ ಮುಂಚೆ ಕಿತ್ತು, ಹಗ್ಗ ಹಿಡಿದು, ಸಾಲಾಗಿ ನಾಟಿ ಮಾಡಬೇಕು. ಗೊಬ್ಬರ ಅಳತೆಯಲ್ಲಿ ಹಾಕಬೇಕು.

"ಇದೇ ಹೊಲ ಎರಡರಷ್ಟು ಕೊಡುತ್ತೆ, ನೋಡ್ತಿರಿ" ಅಂದರು.

"ಆಗ್ಲಿ ಬುದ್ದಿ" ಅಂದ ಬೈರಣ್ಣ. ಅವನು ಎಲ್ಲದಕ್ಕೂ ಆಗ್ಲಿ ಬುದ್ದಿ ಅನ್ನುವವನು. ಸತ್ತ ದನ ಎಳೆಯಲು ಕರೆದರೂ ಅದೇ, ಬೈದರೂ ಅದೇ.

ಮುನಿಲಕ್ಷ್ಮಮ್ಮ ಕೇಳಿದಳು. "ಬೀಜ ಯಾರ್ದು ಸಾರ್?"

"ಸರ್ಕಾರದ್ದು."

"ಬೆಳೆದ ಮ್ಯಾಕೆ?"

"ನಿಮ್ದೇ. ಮುಂದಿನ ವರ್ಷಕ್ಕೆ ಊರ ರೈತರೆಲ್ಲ ಬೀಜಕ್ಕೆ ನಿಮ್ಮ ಹತ್ರಾನೇ ಬರಬೇಕು. ಒಬ್ಬ ರೈತನಿಂದ ಇನ್ನೊಬ್ಬ ರೈತನಿಗೆ. ಸ್ಕೀಮೇ ಹಂಗಿರೋದು. ಕ್ಷೇತ್ರೋತ್ಸವ ಅಂತ ಮಾಡ್ತೀವಿ, ದೊಡ್ಡ ಸಾಹೇಬರು ಬರ್ತಾರೆ. ಅವತ್ತು ನೀನೇ ಎಲ್ಲಾರಿಗೂ ಕೈಯಾರೆ ಬೀಜ ಕೊಡ್ತೀಯ."

"ನಾನಾ?"

"ನೀನೇ ಕಣಮ್ಮ."

ಅವಳು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಳು. ಎರಡರಷ್ಟು ರಾಗಿ ಅಂದಿದ್ದು ಅವಳ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ಕೈಯಾರೆ ಅಂದ ಮಾತು ಮಾತ್ರ ನೇರ ಎದೆಗೆ ಹೋಗಿ ಕೂತಿತು.

ಅದಕ್ಕೆ ಕಾರಣ ಇತ್ತು. ಮುತ್ತುಗದಕಟ್ಟೆಯಲ್ಲಿ ಬಿತ್ತನೆ ಬೀಜವನ್ನು ಮಾರುವುದಿಲ್ಲ. ಬೀಜ ಇದ್ದವರು ಬೊಗಸೆ ತುಂಬಿ ಕೊಡಬೇಕು, ಬೇಕಾದವರು ಬೊಗಸೆ ಒಡ್ಡಿ ತೆಗೆದುಕೊಳ್ಳಬೇಕು, ಕಣ್ಣಿಗೆ ಒತ್ತಿಕೊಂಡು ಟವೆಲ್ಲಿಗೆ ಹಾಕಿಕೊಳ್ಳಬೇಕು. ನೆಲಕ್ಕಿಟ್ಟ ಬೀಜ ಮುನಿಸಿಕೊಳ್ಳುತ್ತದೆ, ಮೊಳೆಯುವುದಿಲ್ಲ ಅನ್ನುವುದು ಊರಿನ ನಂಬಿಕೆ. ಬೀಜ ಕೊಟ್ಟ ಮನೆಗೆ ಒಂದು ಮರ್ಯಾದೆ. ಇಂಥವರ ಮನೆ ಬೀಜ ಅಂತ ಹೆಸರು ಹೇಳುತ್ತಾರೆ. ಕೇರಿಯ ಹೆಸರನ್ನು ಹಾಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಕೇರಿಯವರು ಬೀಜಕ್ಕೆ ಪಟೇಲರ ಮನೆ ಜಗಲಿಯ ಕೆಳಗೆ ನಿಂತು ಸೆರಗು ಒಡ್ಡುತ್ತಿದ್ದರು. ಮೇಲಿನಿಂದ ಸುರಿಯುತ್ತಿದ್ದರು. ಗಾಳಿಗೆ ಅರ್ಧ ಹೊರಗೆ ಬೀಳುತ್ತಿತ್ತು. ಸಗಣಿಯಲ್ಲಿ ಬಿದ್ದದ್ದನ್ನು ಮುನಿಲಕ್ಷ್ಮಮ್ಮ ಕೂತು ಆರಿಸಿಕೊಂಡಿದ್ದಾಳೆ. ಜಗಲಿಯ ಮೇಲೆ ನಿಂತವರು ಎಲೆ ಅಡಿಕೆ ಅಗಿಯುತ್ತ ನೋಡಿದ್ದಾರೆ. ನೆಲಕ್ಕೆ ಬಿದ್ದ ಆ ಬೀಜ ಮುನಿಸಿಕೊಳ್ಳುತ್ತದೋ ಇಲ್ಲವೋ ಅಂತ ಅವರಲ್ಲಿ ಒಬ್ಬನಿಗೂ ಚಿಂತೆಯಾದದ್ದಿಲ್ಲ.

ಅವಳು ಅವರೇಕಾಯಿ ಕಾಲದಲ್ಲಿ ಮಂಕರಿ ಹೊತ್ತು ಜಯನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದವಳು. ಅಲ್ಲಿನ ಅಮ್ಮಂದಿರು ಚೌಕಾಸಿ ಮಾಡುತ್ತ ಅವಳ ಕೈ ಹಿಡಿದು ಇನ್ನೊಂದು ಹಿಡಿ ಹಾಕಿಸಿಕೊಳ್ಳುತ್ತಿದ್ದರು. ಯಾರ ಮೈಯೂ ಸುಟ್ಟುಹೋಗಲಿಲ್ಲ. ಅವಳ ಜಾತಿ ಅಲ್ಲಿ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿದ್ದೂ ಕೈ ಒಡ್ಡಬೇಕು. ಅದನ್ನು ಒಂದು ಸಲ ಕಣ್ಣಾರೆ ನೋಡಬೇಕು. ಅವಳಿಗೆ ಬೇಕಾದದ್ದು ಅದೊಂದೇ.

ಹಾಗಾಗಿ ದುಡಿದಳು. ಮೈ ಮುರಿದು ದುಡಿದಳು ಅಂತ ಬರೆಯುವುದು ಸುಲಭ. ಮುರಿದದ್ದು ಅವಳ ಸೊಂಟ.

ಒಟ್ಲು ಹಾಕಿದ ಮೇಲೆ ಮಳೆ ಕೈಕೊಟ್ಟಿತು. ಊರ ಬಾವಿ ಕೇರಿಯವರಿಗಿಲ್ಲ. ಕೆರೆಯಿಂದ ಹೊರಬೇಕು. ಏರಿ ಹತ್ತಿ, ಏರಿ ಇಳಿದು, ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ಪೈರು ಬಾಡಬಾರದು ಅಂತ ಬೆಳಿಗ್ಗೆಯೂ ಹೊತ್ತಳು, ಸಂಜೆಯೂ ಹೊತ್ತಳು. ಪಕ್ಕದ ಗುಡಿಸಿಲ ಗೋವಿಂದಮ್ಮ ಜೊತೆಗೆ ಹೊತ್ತಳು. ನಾಟಿಯ ದಿನ ಕೇರಿಯ ಹೆಂಗಸರೆಲ್ಲ ಬಂದರು. ಏಕಾಂತಯ್ಯನವರು ಬದುವಿನ ಮೇಲೆ ನಿಂತು ಹಗ್ಗ ಎಳೆಸಿದರು. ಗೇಣು ಬಿಟ್ಟು ಸಾಲು, ಗುಣಿಗೆ ಎರಡು ಪೈರು. ಬಗ್ಗಿದವರು ಹೊತ್ತು ಮುಳುಗುವವರೆಗೆ ನೆಟ್ಟಗಾಗಲಿಲ್ಲ. ಉಗುರ ಸಂದಿಗೆ ಮಣ್ಣು ಹೊಕ್ಕು ಬೆರಳು ಊದಿಕೊಂಡವು. ಆಮೇಲೆ ಯೂರಿಯಾ ಎರಚುವಾಗ ಅದೇ ಬಿರಿದ ಬೆರಳಿಗೆ ಉಪ್ಪು ಹಾಕಿದಂತೆ ಉರಿಯಿತು.

ಊರಿನವರು ರಸ್ತೆಯಲ್ಲಿ ನಿಂತು ನಕ್ಕರು. "ರಾಗಿಗೂ ದಾರ ಹಿಡ್ದು ನೆಡ್ತಾವ್ರಲ್ಲೋ! ನಾಳೆ ಜಡೆ ಹಾಕಿ ಹೂ ಮುಡಿಸ್ತಾರೆ" ಅಂದ ಬೋರಣ್ಣ. ಅವನು ಪಕ್ಕದ ಹೊಲದವನು. ಪಟೇಲರ ಮಗ, ಪಂಚಾಯ್ತಿ ಚೇರ್ಮನ್ ವೆಂಕಟಸ್ವಾಮಿ ಮೋಟಾರ್ ಬೈಕು ನಿಲ್ಲಿಸಿ, ಕಾಲು ಕೆಳಗಿಡದೆಯೇ ನೋಡಿ, ಮೂಗು ಮುರಿದು ಹೋದ.

ತೆನೆ ಬಂದಾಗ ನಗು ನಿಂತಿತು. ಒಂದೊಂದು ತೆನೆ ಮುಷ್ಟಿ ಗಾತ್ರ. ಹೊಲದ ಒಳಗೆ ಕೈ ಹಾಕಿದರೆ ಕೈ ಕಾಣುವುದಿಲ್ಲ. ಈಗ ಊರಿನವರ ಹೊಟ್ಟೆ ಉರಿಯಿತು. ಬೆಳಕು ಹರಿಯುವ ಮುಂಚೆ ಬಂದು ತೆನೆ ಮುರಿದುಕೊಂಡು ಹೋಗುತ್ತಿದ್ದರು. ಕದ್ದ ತೆನೆಗೆ ಮೈಲಿಗೆ ಇರಲಿಲ್ಲ. ಬೋರಣ್ಣ ಅಂತೂ ಒಂದು ದಿನ ಬದುವಿನಿಂದಲೇ ಕೂಗಿ ಕೇಳಿದ.

"ಬೈರಾ, ಬೀಜ ನಂಗೂ ಇಡ್ಲಾ."

"ಆಗ್ಲಿ ಬುದ್ದಿ" ಅಂದ ಬೈರಣ್ಣ.

"ಬಂದು ಇಸ್ಕೊಳ್ಳಿ ಗೌಡ್ರೆ, ಕೊಡ್ತೀನಿ" ಅಂದಳು ಮುನಿಲಕ್ಷ್ಮಮ್ಮ. ಬೋರಣ್ಣನಿಗೆ ಮಾತು ಹಿಡಿಸಲಿಲ್ಲ. ಆದರೂ ಕಣ್ಣು ತೆನೆಯ ಮೇಲೆಯೇ ಇತ್ತು.

ಕೊಯ್ಲು, ಬಡಿತ, ತೂರಾಟ ಮುಗಿಯಿತು. ದಪ್ಪ ತೆನೆಗಳನ್ನೇ ಬೇರೆ ಮಾಡಿ ಬಡಿದು, ಮೊರದಲ್ಲಿ ಕೇರಿ, ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿನ ಜೊತೆ ಚೀಲಕ್ಕೆ ತುಂಬಿದಳು. ಕಲ್ಲು ಕಸ ಒಂದಿರಲಿಲ್ಲ. ಮನೆಯ ಖರ್ಚಿನ ರಾಗಿಗೆ ಇಷ್ಟು ಜತನ ಅವಳು ಯಾವತ್ತೂ ಮಾಡಿದವಳಲ್ಲ. ಗೋವಿಂದಮ್ಮ ಛೇಡಿಸಿದಳು. "ಏನೇ, ಮಗಳ ಮದ್ವೆಗೆ ಅಕ್ಕಿ ಆರಿಸ್ದಂಗೆ ಆರಿಸ್ತೀಯ!"

"ಮಗಳ ಮದ್ವೇಗೆ ಊರೋರು ಬತ್ತಾರಾ? ಇದಕ್ಕೆ ಬತ್ತಾರೆ ಕಣೆ" ಅಂದಳು ಮುನಿಲಕ್ಷ್ಮಮ್ಮ.

ಸಂಕ್ರಾಂತಿ ಕಳೆದ ಮೇಲೆ ಕ್ಷೇತ್ರೋತ್ಸವ. ಹೊಲದ ಹತ್ತಿರ ನೆರಳಿಲ್ಲ ಅಂತ ಪಟೇಲರ ಕಣದಲ್ಲಿ ಶಾಮಿಯಾನ ಹಾಕಿದರು. ಬೆಳೆದದ್ದು ಒಂದು ಕಡೆ, ಉತ್ಸವ ಇನ್ನೊಂದು ಕಡೆ. ಮುನಿಲಕ್ಷ್ಮಮ್ಮ ಅದನ್ನೂ ನುಂಗಿಕೊಂಡಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಗೋವಿಂದಮ್ಮನ ಹಸಿರು ಸೀರೆ ಉಟ್ಟು ಹೊರಟಳು. ಅವಳ ತಲೆಯ ಮೇಲೊಂದು ಚೀಲ, ಬೈರಣ್ಣನ ತಲೆಯ ಮೇಲೊಂದು ಚೀಲ. ಹಿಂದೆ ಕೇರಿಯ ಜನ. ಕುಡಿಯುವ ನೀರನ್ನು ಕೇರಿಯವರೇ ಕೊಡದಲ್ಲಿ ಹೊತ್ತು ತಂದಿದ್ದರು. ಪಟೇಲರ ಕಣದಲ್ಲಿ ಅವರಿಗೆ ನೀರು ಕೊಡುವವರು ಯಾರು?

ಕಣದ ನಡುವೆ ಹೊಸ ಚಾಪೆ. ಅದರ ಮೇಲೆ ಬೀಜ ಸುರಿಸಿದರು. ಕಂದು ರಾಗಿ ಗುಡ್ಡೆಯಾಗಿ ನಿಂತಿತು. ಕೂತಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಆಮೇಲೆ ವೆಂಕಟಸ್ವಾಮಿ ಮುಂದೆ ಬಂದ. ಖಾದಿ ಜುಬ್ಬ ತೊಟ್ಟಿದ್ದ.

"ಆಯ್ತಲ್ಲ, ಇನ್ನು ಹಿಂದಕ್ಕೆ ಹೋಗ್ರಿ. ಹಗ್ಗ ಕಟ್ಟಿರೋದು ಕಾಣಲ್ವಾ?"

ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿದ್ದರು. ಅದು ಏಕಾಂತಯ್ಯನವರ ನಾಟಿ ಹಗ್ಗ. ಬೈರಣ್ಣ ಹಗ್ಗದಾಚೆ ಹೋದ. ಮುನಿಲಕ್ಷ್ಮಮ್ಮ ಹೋಗಲಿಲ್ಲ. ಗುಡ್ಡೆಯ ಪಕ್ಕದಲ್ಲೇ ನಿಂತಳು. ಏಕಾಂತಯ್ಯನವರು ಹತ್ತಿರ ಬಂದು ಮೆತ್ತಗೆ ಹೇಳಿದರು.

"ಒಂದು ಸಣ್ಣ ಬದಲಾವಣೆ ಆಗಿದೆ ಕಣಮ್ಮ. ಬೀಜ ಚೇರ್ಮನ್ನರು ಕೊಡ್ತಾರೆ. ನೀನು ಆಕಡೆ ಇರು. ಕೊನೇಲಿ ಸಾಹೇಬರು ನಿನ್ನ ಹೆಸರು ಹೇಳ್ತಾರೆ."

"ನಾನೇ ಕೊಡ್ತೀನಿ ಅಂದಿದ್ರಲ್ಲ ಸಾರ್."

"ಅಂದಿದ್ದೆ."

"ಮತ್ತೆ?"

ಏಕಾಂತಯ್ಯನವರು ನೆಲ ನೋಡಿದರು. "ಜಗಳ ಬೇಡಮ್ಮ. ಕೆಲಸ ಮುಖ್ಯ. ಬೀಜ ಹರಡಬೇಕು, ಅಷ್ಟೇ ತಾನೆ?"

ಅಷ್ಟೇ ಅಲ್ಲ. ಅವಳಿಗೆ ಅಷ್ಟೇ ಆಗಿರಲಿಲ್ಲ. ಇದನ್ನು ಅವರಿಗೆ ಹೇಗೆ ಹೇಳುವುದು ಅಂತ ತಿಳಿಯುವಷ್ಟರಲ್ಲಿ ಜೀಪು ಬಂತು.

ಸಾಹೇಬರು ಇಳಿದರು. ಹಾರ ಹಾಕಿಸಿಕೊಂಡರು. ಎಳನೀರು ಕುಡಿದರು. ಭಾಷಣ ಮಾಡಿದರು. ಹಸಿರು ಕ್ರಾಂತಿ ಅಂದರು, ಕಟ್ಟಕಡೆಯ ಮನುಷ್ಯ ಅಂದರು. ಕಟ್ಟಕಡೆಯ ಮನುಷ್ಯರೆಲ್ಲ ಹಗ್ಗದಾಚೆ ಬಿಸಿಲಲ್ಲಿ ನಿಂತು ಕೇಳಿದರು. ಶಾಮಿಯಾನದ ನೆರಳು ಅವರವರೆಗೆ ಬರುತ್ತಿರಲಿಲ್ಲ.

"ಬೆಳೆದ ರೈತ ಯಾರು?" ಅಂದರು ಸಾಹೇಬರು.

ಏಕಾಂತಯ್ಯನವರ ಬಾಯಿ ತಾನಾಗಿಯೇ ನಿಜ ಹೇಳಿಬಿಟ್ಟಿತು. "ಈಯಮ್ಮನೇ ಸಾರ್."

"ಗುಡ್! ಬಾಮ್ಮ ಮುಂದೆ. ನೀನೇ ಶುರು ಮಾಡು. ಎಲ್ಲಿ, ಫೋಟೋದವನು ಎಲ್ಲಿ? ಮೊದಲು ಯಾರು ತಗೋತಾರೆ?"

ಬೋರಣ್ಣನ ಹೆಸರು ಕೂಗಿದರು. ಮುನಿಲಕ್ಷ್ಮಮ್ಮ ಬಗ್ಗಿ, ಎರಡೂ ಕೈ ಗುಡ್ಡೆಯೊಳಗೆ ತೂರಿಸಿ, ಬೊಗಸೆ ತುಂಬ ಬೀಜ ಎತ್ತಿದಳು. ಒಂದು ಕಾಳೂ ಕೆಳಗೆ ಬೀಳಬಾರದು ಅಂತ ಬಿಗಿ ಹಿಡಿದಿದ್ದಳು. ಬೋರಣ್ಣ ಎದ್ದು ನಿಂತ. ಟವೆಲ್ಲು ಅವನ ಕೈಯಲ್ಲೇ ಇತ್ತು. ಕಾಲು ಮಾತ್ರ ಮುಂದೆ ಬರಲಿಲ್ಲ. ಅವನು ವೆಂಕಟಸ್ವಾಮಿಯ ಮುಖ ನೋಡಿದ. ವೆಂಕಟಸ್ವಾಮಿ ಚಪ್ಪರ ನೋಡಿದ. ಕೂತಿದ್ದ ರೈತರೆಲ್ಲ ಅವರವರ ಹೆಬ್ಬೆರಳು ನೋಡಿಕೊಂಡರು.

ಅವಳು ಕೈ ಚಾಚಿಯೇ ಇದ್ದಳು. ತೋಳು ನೋಯತೊಡಗಿತು. ಫೋಟೋದವನು ಕಣ್ಣಿಗೆ ಹಿಡಿದ ಕ್ಯಾಮೆರಾ ಇಳಿಸಿದ. ಹಗ್ಗದಾಚೆಯಿಂದ ಬೈರಣ್ಣ ಗೋಗರೆದ. "ಸುಮ್ಕಿರೇ... ಚೆಲ್ಬುಟ್ಟು ಬಾರೇ..."

ಸಾಹೇಬರು ದಡ್ಡರಲ್ಲ. ಇಂಥ ಊರುಗಳನ್ನು ಬೇಕಾದಷ್ಟು ನೋಡಿದವರು. ಗಡಿಯಾರ ನೋಡಿಕೊಂಡರು. "ಟೈಮಿಲ್ಲ. ಚೇರ್ಮನ್ನರೇ, ನೀವೇ ಕೊಟ್ಬಿಡಿ. ಈಯಮ್ಮ ಪಕ್ಕದಲ್ಲಿ ನಿಂತ್ಕೊಳ್ಳಲಿ, ಫೋಟೋಲಿ ಬರಲಿ."

"ಅದೇ ಸರಿ ಸಾರ್" ಅಂತ ವೆಂಕಟಸ್ವಾಮಿ ಎದ್ದ. ಜುಬ್ಬದ ತೋಳು ಮೇಲೇರಿಸಿದ. "ನಾವೇನೂ ಹಳೇ ಕಾಲದೋರಲ್ಲ. ಕಾಳಿಗೆ ಮೈಲಿಗೆ ಇಲ್ಲ ಸಾರ್, ಒಣಗಿರೋಗಂಟ. ನೀರು ಬಿದ್ರೆ ಮಾತ್ರ ನಮ್ಮೋರು ಯಾರೂ ಮುಟ್ಟಲ್ಲ. ಕೈಯಿಂದ ಕೈಗೆ ಅಂದ್ರೆ ಹೆಂಗೆ ಆಗುತ್ತೆ ಹೇಳಿ? ಎಷ್ಟೇ ಆಗ್ಲಿ ಪದ್ಧತಿ ಅಂತ ಒಂದಿದೆ." ಆಮೇಲೆ ಅವಳ ಕಡೆ ತಿರುಗಿದ. "ಏಯ್, ಕೈಯಾಗಿರೋದನ್ನ ಚಾಪೆ ಮ್ಯಾಲೆ ಹಾಕಿ ಸರ್ಕೋ."

ಮುನಿಲಕ್ಷ್ಮಮ್ಮ ಹಾಕಿದಳು. ಬೊಗಸೆ ಬಿಚ್ಚಿದಳು, ಕಾಳು ಜಾರಿ ಗುಡ್ಡೆ ಸೇರಿತು. ವೆಂಕಟಸ್ವಾಮಿಗೆ ಸಮಾಧಾನವಾಯಿತು. ಅವಳು ತಿರುಗಿ ಹಗ್ಗದ ಕಡೆ ನಡೆದಳು. ಹಗ್ಗ ಎತ್ತಿದಳು. ಎಲ್ಲರೂ ಮುಗಿಯಿತು ಅಂದುಕೊಂಡರು. ಅವಳು ಗೋವಿಂದಮ್ಮನ ಕಾಲಬುಡದಲ್ಲಿದ್ದ ನೀರಿನ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ವಾಪಸು ಬಂದಳು.

"ಏನೇ ಅದು?" ಅಂದ ವೆಂಕಟಸ್ವಾಮಿ.

ಅವಳು ಕೊಡವನ್ನು ಗುಡ್ಡೆಯ ಮೇಲೆ ಬಗ್ಗಿಸಿದಳು. ಅವಸರ ಮಾಡಲಿಲ್ಲ. ಗುಡ್ಡೆಯ ನೆತ್ತಿಯಿಂದ ಶುರು ಮಾಡಿ ಸುತ್ತಲೂ ಸುರಿದಳು. ನೀರು ಇಳಿದ ಕಡೆಯೆಲ್ಲ ರಾಗಿ ಕಪ್ಪಾಯಿತು. ಚಾಪೆಯ ಅಂಚಿನಿಂದ ನೀರು ಹರಿದು ಸಾಹೇಬರ ಬೂಟಿನವರೆಗೆ ಬಂತು. ಖಾಲಿ ಕೊಡ ಪಕ್ಕಕ್ಕಿಟ್ಟು ಎರಡೂ ಕೈಯಲ್ಲಿ ಕಲಸಿದಳು, ಹಿಟ್ಟು ಕಲಸುವ ಹಾಗೆ, ತಳದ ಕಾಳು ಮೇಲಕ್ಕೆ ಬರುವ ಹಾಗೆ. ಒಂದು ಹಿಡಿಯೂ ಒಣಗಿ ಉಳಿಯಬಾರದು.

"ನಮ್ಮ ಕೇರಿ ನೀರು ಇದು. ನಮ್ಮ ಕೊಡದ್ದು, ನಾನೇ ಹೊತ್ತಿದ್ದು" ಅಂದಳು. "ಈಗ ಇಸ್ಕೊಳ್ಳಿ. ಕೈ ಒಡ್ಡೋರು ಬನ್ನಿ. ಬಂದೋರಿಗೆ ಇಲ್ಲ ಅನ್ನಲ್ಲ."

ಮುಂದಿದ್ದವರು ಹಿಂದೆ ಸರಿದರು. ತೆನೆ ಬಂದಾಗಿನಿಂದ ಆ ರಾಗಿಗೆ ಬಾಯಲ್ಲಿ ನೀರೂರಿಸಿಕೊಂಡವರು, ಬೆಳಗಿನ ಜಾವ ತೆನೆ ಮುರಿದವರು, ಬಿಸಿ ತಾಗಿದವರ ಹಾಗೆ ಕಾಲು ಹಿಂದಕ್ಕೆಳೆದುಕೊಂಡರು. ಬೋರಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡ.

"ಬೀಜ ಹಾಳು ಮಾಡಿದ್ಯಲ್ಲೇ ಮುಂಡೆ!" ವೆಂಕಟಸ್ವಾಮಿ ಕಿರುಚಿದ. "ಊರಿಗೆ ಆಗೋ ಬೀಜ! ಗೌರ್ಮೆಂಟು ಬೀಜ!"

"ಬೀಜ ನಾ ಹಾಳು ಮಾಡ್ಲಿಲ್ಲ. ನೆನೆಸ್ದೆ. ಹಾಳು ಮಾಡ್ತಿರೋದು ನಿಮ್ಮ ಮೈಲಿಗೆ. ಬಾಯಿ ಬಿಟ್ಟು ಹೇಳಿ, ನನ್ನ ಕೈಗೆ ಏನ್ ಆಗೈತೆ? ಕುಷ್ಠ ಬಂದೈತಾ? ಈ ಕೈಯಾಗೇ ನಾಟಿ ಮಾಡ್ದೆ. ಈ ಕೈಯಾಗೇ ಗೊಬ್ಬರ ಎರಚ್ದೆ. ಇದೇ ಕೈ ನಿಮ್ಮ ಕೊಟ್ಟಿಗೆ ಬಳಿಯುತ್ತೆ."

ವೆಂಕಟಸ್ವಾಮಿಯ ಆಳೊಬ್ಬ ಕೋಲು ಎತ್ತಿಕೊಂಡು ಬಂದ. ಸಾಹೇಬರು "ಗಲಾಟೆ ಬೇಡ, ಗಲಾಟೆ ಬೇಡ" ಅನ್ನುತ್ತ ಜೀಪಿನ ಕಡೆ ನಡೆದರು. ಕಟ್ಟಕಡೆಯ ಮನುಷ್ಯನಿಗೆ ಏಟು ಬೀಳುವುದನ್ನು ನೋಡುವುದು ಅವರ ಕಾರ್ಯಕ್ರಮದಲ್ಲಿರಲಿಲ್ಲ. ಕೋಲು ಒಂದು ಸಲ ಅವಳ ಬೆನ್ನಿಗೆ ಬಿತ್ತು. ಎರಡನೆಯ ಸಲ ಬೀಳುವ ಮುಂಚೆ ನಡುವೆ ಬೈರಣ್ಣ ಬಂದಿದ್ದ. ಹಗ್ಗ ಹೇಗೆ ದಾಟಿದನೋ ಅವನಿಗೇ ಗೊತ್ತಿಲ್ಲ. ಆಗ್ಲಿ ಬುದ್ದಿ ಅನ್ನಲಿಲ್ಲ. ಏಟು ತೋಳಲ್ಲಿ ತಡೆದುಕೊಂಡ. ಆಮೇಲೆ ಬಗ್ಗಿ ಒದ್ದೆ ಚಾಪೆಯ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಅವಳು ಹಿಡಿದಳು. ಕೇರಿಯ ಹೆಂಗಸರು ಉಳಿದ ಮೂಲೆಗಳನ್ನು ಹಿಡಿದರು. ನೀರು ಸೋರುವ ಗುಡ್ಡೆಯನ್ನು ಹೊತ್ತುಕೊಂಡು ಪಟೇಲರ ಕಣದಿಂದ ಇಳಿದರು.

ಬೀಜ ಮೊಳಕೆಯೊಡೆಯಿತು. ಆ ಒಣ ತಿಂಗಳಲ್ಲಿ ಬಿತ್ತಲು ಎಲ್ಲಿದೆ ಜಾಗ? ಒಣಗಿಸಿ, ಹುರಿದು, ಬೀಸಿ ಕೇರಿಯೆಲ್ಲ ಹಂಚಿಕೊಂಡು ತಿಂದಿತು. ರುಚಿಯಾಗಿತ್ತು. ಮುನಿಲಕ್ಷ್ಮಮ್ಮ ಮಾತ್ರ ತಟ್ಟೆ ಪಕ್ಕಕ್ಕೆ ಸರಿಸಿದಳು. ಒಂದು ವರ್ಷದ ಸೊಂಟ ಅದು. ಗೆದ್ದೆ ಅಂತ ಅವಳಿಗೆ ಅನ್ನಿಸಲಿಲ್ಲ, ಅನ್ನಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ಬೆನ್ನಿನ ಬಾಸುಂಡೆಗೆ ಗೋವಿಂದಮ್ಮ ಹರಳೆಣ್ಣೆ ಹಚ್ಚುವಾಗ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಊರು ತನ್ನ ಕೆಲಸ ಮಾಡಿತು. ಬೈರಣ್ಣನ ತೋಟಿಕೆ ಹೋಯಿತು. ಕೇರಿಯವರನ್ನು ಯಾವ ಹೊಲಕ್ಕೂ ಕರೆಯಬಾರದು ಅಂತ ಕಟ್ಟು ಮಾಡಿದರು. ಅಂಗಡಿಯಲ್ಲಿ ಬೆಂಕಿಪೊಟ್ಟಣ ಸಿಗುವುದೂ ಕಷ್ಟವಾಯಿತು. ಕೇರಿಯ ಜನ ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿಕೊಂಡು ಜೆ.ಪಿ. ನಗರದ ದಾರಿ ಹಿಡಿದರು. ಅಲ್ಲಿ ಸೈಟು ಸೈಟಿನಲ್ಲಿ ಮನೆ ಏಳುತ್ತಿತ್ತು. ಗಾರೆ ಹೊರುವವರ ಜಾತಿಯನ್ನು ಮೇಸ್ತ್ರಿ ಕೇಳುತ್ತಿರಲಿಲ್ಲ. ಮನೆ ಕಟ್ಟಿ ಗೃಹಪ್ರವೇಶವಾದ ಮೇಲೆ ಕೇಳುತ್ತಿದ್ದರು.

ಮುಂದಿನ ಮುಂಗಾರಿಗೆ ಇಲಾಖೆಯ ಹೊಸ ರಾಗಿ ಮತ್ತೆ ಮುತ್ತುಗದಕಟ್ಟೆಗೆ ಬಂತು. ಈ ಸಲ ನೇರ ವೆಂಕಟಸ್ವಾಮಿಯ ಮನೆಗೇ ಬಂತು. ಅವನ ಬಾವಿ ಪಕ್ಕದಲ್ಲಿ ಒಟ್ಲು ಹಾಕಿದರು. ಪೈರು ಚೆನ್ನಾಗಿಯೇ ಎದ್ದಿತು. ನಾಟಿ ಮಾಡುವವರು ಯಾರು ಅನ್ನುವುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಊರಿನ ಹೆಂಗಸರು ಒಂದು ದಿನ ಬಗ್ಗಿದರು, ಮರುದಿನ ಬರಲಿಲ್ಲ.

ಮುನಿಲಕ್ಷ್ಮಮ್ಮ ಆ ಹೊತ್ತು ಜೆ.ಪಿ. ನಗರದ ಒಂದು ಮನೆಯ ತಾರಸಿಗೆ ಗಾರೆ ಹೊರುತ್ತಿದ್ದಳು. ಏಕಾಂತಯ್ಯನವರು ಸೈಕಲ್ಲನ್ನು ಜಲ್ಲಿ ಗುಡ್ಡೆಗೆ ಒರಗಿಸಿ ಅವಳಿಗೆ ಎದುರಾದರು. ಆರೇಳು ತಿಂಗಳಲ್ಲಿ ಮುಖ ಸೊರಗಿತ್ತು. ಷರಟು ಮಾತ್ರ ಇಸ್ತ್ರಿ ಇತ್ತು.

"ಚೆನ್ನಾಗಿದ್ದೀಯೇನಮ್ಮ?"

ಅವಳ ತಲೆಯ ಮೇಲೆ ತುಂಬಿದ ಬಾಂಡ್ಲಿ. ಸಿಮೆಂಟಿನ ನೀರು ಬಟ್ಟೆಯ ಸಿಂಬಿ ದಾಟಿ ಕುತ್ತಿಗೆಗೆ ಇಳಿಯುತ್ತಿತ್ತು. "ಹೇಳಿ ಸಾರ್" ಅಂದಳು.

"ಪೈರು ಬಲಿತು ಹೋಗ್ತಿದೆ. ಇನ್ನು ನಾಲ್ಕು ದಿನ ಬಿಟ್ರೆ ನೆಟ್ಟೂ ಪ್ರಯೋಜನ ಇಲ್ಲ. ಚೇರ್ಮನ್ನರು ಒಪ್ಪಿದ್ದಾರೆ, ಕೇರಿಯೋರು ಬರಲಿ ಅಂದಿದ್ದಾರೆ. ನಿಮ್ಮೋರಿಗೆ ನೀನು ಹೇಳಿದ್ರೆ ಕೇಳ್ತಾರೆ. ಅವತ್ತಿಂದು ಮರೆತುಬಿಡಮ್ಮ. ಯಾರ ಹೊಲ ಆದ್ರೇನು, ಬೆಳೆ ಮುಖ್ಯ ಅಲ್ವಾ? ಸಾಹೇಬರಿಗೆ ನಾನು ಏನಂತ ಹೇಳ್ಲಿ? ನನ್ನ ಕೆಲಸದ ಪ್ರಶ್ನೆ."

ಅವರು ಹೇಳುತ್ತಲೇ ಇದ್ದರು. ಹೊಸ ಪದ್ಧತಿ ಇಷ್ಟು ಕಷ್ಟಪಟ್ಟು ತಂದದ್ದು, ಅದು ಆ ಊರಲ್ಲಿ ನಿಲ್ಲಬೇಕು ಅಂದರು. ಅವರ ಕಣ್ಣಲ್ಲಿ ನಿಜವಾದ ಸಂಕಟ ಇತ್ತು. ಪೈರಿಗಾಗಿ ಅಷ್ಟು ಸಂಕಟ ಪಡಬಲ್ಲವರು ಅವರು. ತಲೆಯ ಮೇಲೆ ಭಾರ ಹೊತ್ತವಳನ್ನು ನಿಲ್ಲಿಸಿ ಮಾತಾಡುತ್ತಿದ್ದೇನೆ ಅನ್ನುವುದೇ ಅವರಿಗೆ ಕಂಡಿರಲಿಲ್ಲ.

"ಸಾರ್, ಇದನ್ನ ಒಂಚೂರು ಇಳಿಸ್ಕೊಳ್ಳಿ" ಅಂದಳು.

ಏಕಾಂತಯ್ಯನವರು ತಡವರಿಸಿದರು. ಆಚೆ ಈಚೆ ನೋಡಿದರು. ಗೋವಿಂದಮ್ಮ ಏಣಿಯ ಮೇಲಿದ್ದಳು, ಮೇಸ್ತ್ರಿ ತಾರಸಿಯ ಮೇಲಿದ್ದ. ಹತ್ತಿರದಲ್ಲಿ ಇನ್ನು ಯಾರೂ ಇರಲಿಲ್ಲ. ಅವಳು ಎರಡೂ ಕೈಯಲ್ಲಿ ಬಾಂಡ್ಲಿ ಎತ್ತಿ ಮುಂದಕ್ಕೆ ಚಾಚಿದಳು. ಅವರೂ ಕೈ ಚಾಚಿದರು. ಬಾಂಡ್ಲಿಯ ಅಂಚಿನಲ್ಲಿ ಅವರ ಬೆರಳು ಅವಳ ಬೆರಳಿನ ಮೇಲೆ ಬಿದ್ದವು. ಭಾರಕ್ಕೆ ಅವರ ಸೊಂಟ ಬಾಗಿತು. ಗಾರೆ ತುಳುಕಿ ಷರಟಿಗೆ ಹಾರಿತು. ಹೇಗೋ ನೆಲಕ್ಕಿಟ್ಟರು.

"ನೋಡಿದ್ರಾ ಸಾರ್? ಇಷ್ಟೇ. ನಾನು ಕೊಟ್ಟೆ, ನೀವು ಇಸ್ಕೊಂಡ್ರಿ. ಯಾರೂ ಸಾಯ್ಲಿಲ್ಲ" ಅಂದಳು. "ಹಗ್ಗ ಹಿಡಿಯೋದು, ಗೇಣು ಅಳೆಯೋದು ಎಲ್ಲಾ ಕಲಿಸಿದ್ರಿ. ಇದನ್ನ ಊರೋರಿಗೆ ಕಲ್ಸಿ. ಕಲಿತ ದಿನ ಹೇಳಿ ಕಳ್ಸಿ, ಕೇರಿ ಕೇರೀನೆ ಬತ್ತೀವಿ. ಅಲ್ಲೀಗಂಟ ಪೈರು ಒಟ್ಲಲ್ಲೇ ಒಣಗ್ಲಿ."

ಏಕಾಂತಯ್ಯನವರು ತಮ್ಮ ಕೈ ನೋಡಿಕೊಂಡರು. ನೀರಿನ ಪೀಪಾಯಿಯ ಹತ್ತಿರ ಹೋಗಿ, ಡಬ್ಬದಲ್ಲಿ ನೀರು ಮೊಗೆದು ತೊಳೆದುಕೊಳ್ಳಲು ಕೂತರು. ಮುನಿಲಕ್ಷ್ಮಮ್ಮ ಅದಕ್ಕೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಸಿಮೆಂಟು ಯಾರ ಕೈಯನ್ನೂ ಬಿಡುವುದಿಲ್ಲ, ಎಲ್ಲರೂ ತೊಳೆಯುತ್ತಾರೆ, ಅವಳೂ ತೊಳೆಯುತ್ತಾಳೆ. ಗೋವಿಂದಮ್ಮ ಇಳಿದು ಬಂದು ಬಾಂಡ್ಲಿಗೆ ಕೈ ಕೊಟ್ಟಳು. ಇಬ್ಬರೂ ಸೇರಿ ಎತ್ತಿ ಸಿಂಬಿಯ ಮೇಲಿಟ್ಟರು. ಅವಳು ಏಣಿ ಹತ್ತಿದಳು, ಗಾರೆ ಸುರಿದಳು, ಖಾಲಿ ಬಾಂಡ್ಲಿ ಹಿಡಿದು ಇಳಿದಳು.

ಸಿಮೆಂಟು ಎರಡು ಉಜ್ಜಿಗೆ ಹೋಗುತ್ತದೆ. ಏಕಾಂತಯ್ಯನವರು ಇನ್ನೂ ಉಜ್ಜುತ್ತಲೇ ಇದ್ದರು.